ಕಾಲುದಾರಿಗೆ ಲೆಕ್ಕವುಂಟೆ? ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸಂಚಾರ ಯೋಜನೆಯನ್ನು ಕುರಿತು ಒಂದು ವಿಮರ್ಶೆ

ನಡೆದು ಹೋಗುವವರಿಗೂ ಸೈಕಲ್ಲಿನಲ್ಲಿ ಹೋಗುವವರಿಗೂ ತಕ್ಕ ದಾರಿಗಳನ್ನು ಊರಿನ ಉದ್ದಗಲಕ್ಕೂ ಒಂದು ಜಾಲವಾಗಿ ಹೆಣೆಯಬೇಕು. ಆ ಜಾಲವು ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲ ಕೇರಿಗಳನ್ನೂ ಮುಟ್ಟಬೇಕು ಎಂಬ ವಿಚಾರ ಈಚಿನ ಎರಡು ದಶಕಗಳಲ್ಲಿ ನಮ್ಮ ದೇಶದ ಆಡಳಿತದ ಕಡತಗಳನ್ನು ಪ್ರವೇಶಿಸಿದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು, ಸಾಗಿಸಬೇಕಾದದ್ದು ಜನರನ್ನೇ ಹೊರತು ವಾಹನಗಳನ್ನಲ್ಲ ಎಂಬ ಸೂತ್ರವನ್ನು ಅಂಗೀಕರಿಸಿತು. 2021ರಲ್ಲಿ ಕರ್ನಾಟಕದ ನಗರ ಭೂಸಾರಿಗೆ ನಿರ್ದೇಶನಾಲಯವು ಸಕ್ರಿಯ ಸಂಚಾರವನ್ನು ಕುರಿತ ಒಂದು ಮಸೂದೆಯ ಕರಡನ್ನು ಸಿದ್ಧಪಡಿಸಿತು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಡೆತಡೆಯಿಲ್ಲದ ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದಲ್ಲಿಯೇ ಅಡಕವಾಗಿದೆಯೆಂದು ಹೇಳಿತು. ಈ ಮೂರನ್ನೂ ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಇವುಗಳ ಹಿಂದಿರುವ ಕಲ್ಪನೆಯನ್ನು ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ನೆಲದ ಮೇಲೆ ಇಟ್ಟು ನೋಡಿದಾಗ ಅದು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಪರಾಮರ್ಶಿಸುವುದು ಅಗತ್ಯ. ಈ ಲೇಖನದಲ್ಲಿ ನಾವು ಕೈಗೊಂಡಿರುವುದು ಅದನ್ನೇ.

ಇದು ಇಂಜಿನಿಯರರ ವಿಷಯವಲ್ಲವೆ, ಇತಿಹಾಸದ ಅಧ್ಯಾಪಕರಿಗೆ ಇಲ್ಲೇನು ಕೆಲಸ ಎಂದು ಕೆಲವರು ಕೇಳಬಹುದು. ಇಂಜಿನಿಯರರು ನಕಾಶೆಯಿಂದ ತೊಡಗುತ್ತಾರೆ. ಆ ನಕಾಶೆಯಲ್ಲಿ ಯಾವ ದಾರಿ ದಪ್ಪ ಗೆರೆಯಾಯಿತು, ಯಾವುದು ಚುಕ್ಕೆಯಾಯಿತು, ಯಾವುದು ಮೂಡಲೇ ಇಲ್ಲ ಎಂಬುದು ಇತಿಹಾಸದ ಪ್ರಶ್ನೆ. ದುರ್ದೈವದಿಂದ ನಮ್ಮ ಶಾಸ್ತ್ರದವರು ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಲ್ಲ. ನಮ್ಮಲ್ಲಿ ರಸ್ತೆಯ ಇತಿಹಾಸವೆಂದರೆ ದಂಡಿನ ಇತಿಹಾಸ, ಇಲ್ಲವೆ ಸರಕಿನ ಇತಿಹಾಸ.

ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ ಹದಿನೈದನೆಯ ಸಂಪುಟ ಕೆನರಾ ಜಿಲ್ಲೆಯನ್ನು ಕುರಿತದ್ದು. 1883ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು. ಈ ಸೀಮೆಯ ಬಗ್ಗೆ ಬರೆಯುವ ಯಾರೂ ಅದನ್ನು ಬಿಟ್ಟು ಬರೆಯಲಾರರು, ನಾವೂ ಬಿಟ್ಟಿಲ್ಲ. ಆದರೆ ಅದರಲ್ಲಿ ರಸ್ತೆಗಳ ವಿವರಣೆ ಯಾವ ಪ್ರಕರಣದಲ್ಲಿದೆ ಎಂಬುದನ್ನು ಗಮನಿಸಬೇಕು. ಅದು ಇರುವುದು ವ್ಯಾಪಾರದ ಪ್ರಕರಣದಲ್ಲಿ. ಜನರನ್ನು ಕುರಿತ ಪ್ರಕರಣ ಬೇರೆ, ಬೇಸಾಯದ್ದು ಬೇರೆ; ರಸ್ತೆ ಮಾತ್ರ ಬಂದರು, ಸುಂಕ, ರಫ್ತುಗಳ ಸಾಲಿನಲ್ಲಿ ಕುಳಿತಿದೆ. ಇದು ಸಂಪಾದಕರ ಅಲಕ್ಷ್ಯವಲ್ಲ. ಆ ಕಾಲದ ಸರ್ಕಾರಕ್ಕೆ ರಸ್ತೆ ನಿಜವಾಗಿಯೂ ವ್ಯಾಪಾರದ ಒಂದು ಉಪಕರಣವೇ ಆಗಿದ್ದಿತು.

ಇದಕ್ಕೆ ಈ ಜಿಲ್ಲೆಯ ಹುಟ್ಟೇ ಸಾಕ್ಷಿ. ಉತ್ತರ ಕೆನರಾ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದು ಇಲ್ಲಿಯ ರೈತರ ಅನುಕೂಲಕ್ಕಾಗಿ ಅಲ್ಲ. ಧಾರವಾಡ ಸೀಮೆಯ ಹತ್ತಿ ಕಡಲಿಗೆ ಇಳಿಯಬೇಕಾಗಿದ್ದಿತು; ಅದಕ್ಕೆ ಕಾರವಾರದ ಬಂದರೂ ಅಲ್ಲಿಗೆ ಹೋಗುವ ಗಾಡಿರಸ್ತೆಯೂ ಒಂದೇ ಆಡಳಿತದ ಕೈಯಲ್ಲಿರಬೇಕೆಂದು ಮ್ಯಾಂಚೆಸ್ಟರಿನ ಹತ್ತಿಯ ವರ್ತಕರು ಒತ್ತಾಯಿಸಿದರು. ಅಮೆರಿಕದ ಅಂತರ್ಯುದ್ಧದ (1861–65) ಕಾಲದಲ್ಲಿ ಅಲ್ಲಿಯ ಹತ್ತಿ ಬಾರದಾದಾಗ ಈ ಒತ್ತಾಯಕ್ಕೆ ಇನ್ನಷ್ಟು ಬಲ ಬಂದಿತು. ಯಲ್ಲಾಪುರದಿಂದ ಅರಬೈಲು ಘಟ್ಟವನ್ನಿಳಿಯುವ ದಾರಿ, ಶಿರಸಿಯಿಂದ ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ಹೋಗುವ ದಾರಿ, ಇವೆರಡೂ ಹತ್ತಿಯ ಗಾಡಿಗಳ ದಾರಿಗಳಾಗಿ ಬೆಳೆದುವು. ಧಾರವಾಡದ ಹತ್ತಿಗೆ ಪರದೇಶದ ಪೇಟೆಯಲ್ಲಿ ಕುಮಟೆಯ ಹೆಸರೇ ಅಂಟಿಕೊಂಡಿತೆಂಬುದನ್ನು ಬಹುಮಂದಿ ಬಲ್ಲರು. 1890ರ ಹೊತ್ತಿಗೆ ಮಡಗಾಂವಿನ ಮೇಲೆ ಹಾದು ಮರ್ಮಗೋವೆಗೆ ರೈಲು ಮುಟ್ಟಿದ ಮೇಲೆ ಹತ್ತಿ ಆ ಕಡೆ ತಿರುಗಿತು. ರಸ್ತೆಗಳು ಇಲ್ಲಿಯೇ ಉಳಿದುವು. ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರ ಪಟ್ಟಣಗಳಲ್ಲಿ ಯಾವುದಕ್ಕೂ ರೈಲಿಲ್ಲ. ಹತ್ತಿಗಾಗಿ ಕಡಿದ ದಾರಿಗಳೇ ಈ ಸೀಮೆಯ ಬೆನ್ನೆಲುಬು.

ಈ ರಸ್ತೆಗಳಿಗೆ ಹಣ ಕೊಟ್ಟವರು ಯಾರು ಎಂಬುದು ಇನ್ನೊಂದು ಪ್ರಶ್ನೆ. ಘಟ್ಟದ ಹೆದ್ದಾರಿಗಳಿಗೆ ಪ್ರಾಂತದ ಬೊಕ್ಕಸ ತೆರೆಯಿತು. ಉಳಿದ ದಾರಿಗಳಿಗೆಂದು 1869ರ ಮುಂಬಯಿಯ ಲೋಕಲ್ ಫಂಡ್ ಕಾಯಿದೆಯ ಪ್ರಕಾರ ಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಉಪಕರ ಕೂಡಿಸಲಾಗುತ್ತಿದ್ದಿತು. ಅದರ ಮೂರರಲ್ಲಿ ಎರಡು ಪಾಲು ರಸ್ತೆಗಳಿಗೆ, ಒಂದು ಪಾಲು ಶಾಲೆಗಳಿಗೆ. ಆಣೆಯನ್ನು ಗಾಡಿಯಿದ್ದವನೂ ಕೊಟ್ಟನು, ಗಾಡಿಯಿಲ್ಲದವನೂ ಕೊಟ್ಟನು. ಗೇಣಿದಾರನ ಮೇಲೆ ಅದರ ಭಾರ ಬೇರೆ ಬಗೆಯಲ್ಲಿ ಬಿದ್ದಿತು. ದಾರಿ ಮಾತ್ರ ಗಾಡಿಯ ಅಳತೆಗೆ ಆಯಿತು.

ಹಾಗಾದರೆ ಗಾಡಿಯಿಲ್ಲದವರು ಹೇಗೆ ಓಡಾಡಿದರು? 1623ರಲ್ಲಿ ಇಟಲಿಯ ಯಾತ್ರಿಕ ಪೀಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಹೊಳೆಯ ಮೇಲೆ ಗೇರಸೊಪ್ಪೆಗೆ ಬಂದು, ಘಟ್ಟ ಹತ್ತಿ, ಇಕ್ಕೇರಿಯನ್ನು ಮುಟ್ಟಿದನು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳನ್ನು ಹಾದು ಹೋದನು. ಅವನ ಗ್ರಂಥ 1807ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಇಬ್ಬರೂ ಕಂಡದ್ದು ಹೇರೆತ್ತುಗಳೂ ಹೊರೆಯಾಳುಗಳೂ ನಡೆದ ನಾಡನ್ನು. ಉಪ್ಪು ಮೇಲಕ್ಕೆ ಬಂದದ್ದೂ ಅಡಕೆ ಮೆಣಸು ಕೆಳಕ್ಕೆ ಹೋದದ್ದೂ ಎತ್ತಿನ ಬೆನ್ನಿನ ಮೇಲೆ, ಮನುಷ್ಯನ ತಲೆಯ ಮೇಲೆ. ಪಾಠಪುಸ್ತಕಗಳಲ್ಲಿ ನಾವು ಇವರಿಬ್ಬರನ್ನೂ ರಾಜಕೀಯ ಇತಿಹಾಸದ ಆಕರಗಳಾಗಿ ಬಳಸುತ್ತೇವೆ, ಅವರು ನಡೆದ ದಾರಿಗಳನ್ನು ಬಿಟ್ಟುಬಿಡುತ್ತೇವೆ.

ಮಲೆನಾಡಿನ ಊರೆಂದರೆ ಬಯಲುಸೀಮೆಯ ಊರಿನಂತೆ ಒತ್ತೊತ್ತಾಗಿ ಕಟ್ಟಿದ ಮನೆಗಳ ಗುಂಪಲ್ಲ. ಒಂದು ಕಣಿವೆಯಲ್ಲಿ ತೋಟ, ಅದರ ತಲೆಯ ಮೇಲೆ ನಾಲ್ಕು ಮನೆ. ಗುಡ್ಡದಾಚೆ ಇನ್ನೊಂದು ಕಣಿವೆ, ಇನ್ನು ಮೂರು ಮನೆ. ನಡುವೆ ಸೊಪ್ಪಿನಬೆಟ್ಟ, ಬೇಣ, ಕಾನು. ಇಂಥ ಮಜರೆಗಳನ್ನು ಹೆಣೆದಿರುವುದು ಗದ್ದೆಯ ಹಾಳಿಯ ಮೇಲಣ ದಾರಿ, ತೋಟದ ದಣಪೆ, ಅಗಳ ದಾಟುವ ಮರದ ದಿಮ್ಮಿ, ಹಳ್ಳದ ಮೇಲಣ ಕಾಲುಸಂಕ. ನಾಲ್ಕಾರು ಅಡಕೆಮರಗಳನ್ನು ಅಡ್ಡ ಹಾಸಿ, ಬಳ್ಳಿಯಿಂದಲೋ ತಂತಿಯಿಂದಲೋ ಬಿಗಿದು, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಸಂಕವಾಯಿತು. ಮಳೆಗಾಲ ಹಿಡಿಯುವ ಮೊದಲು ಊರವರು ಕೂಡಿ ಅದನ್ನು ಹೊಸದಾಗಿ ಕಟ್ಟುವುದು ರೂಢಿ. ನಗರಯೋಜನೆಯ ಪಂಡಿತರು ಯಾವುದನ್ನು ಸಕ್ರಿಯ ಸಂಚಾರದ ಜಾಲ ಎನ್ನುತ್ತಾರೋ ಅದು ಈ ಸೀಮೆಯಲ್ಲಿ ಯಾವ ಯೋಜನೆಯೂ ಇಲ್ಲದೆಯೇ ಇದ್ದಿತು, ಬಹುಮಟ್ಟಿಗೆ ಇಂದಿಗೂ ಇದೆ.

ಇಷ್ಟು ಹೇಳಿದ ಕೂಡಲೆ ನಮ್ಮ ಕೆಲವು ಮಿತ್ರರು ಹಿಗ್ಗುತ್ತಾರೆ. ಹಿಂದಿನವರು ಹತ್ತು ಮೈಲಿ ನಡೆದು ಶಿರಸಿಯ ಪೇಟೆಗೆ ಬಂದು ಸಂಜೆಗೆ ಮನೆ ಸೇರುತ್ತಿದ್ದರು, ಅದಕ್ಕೇ ಗಟ್ಟಿಯಾಗಿದ್ದರು ಎಂಬ ಮಾತು ಎಲ್ಲ ಸಭೆಗಳಲ್ಲಿಯೂ ಕೇಳಿಬರುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವೂ ಇಲ್ಲ. ನಡೆದವರೆಲ್ಲರೂ ಗಟ್ಟಿಯಾಗಿ ಉಳಿಯಲಿಲ್ಲ. ಉಳಿದವರು ಕಥೆ ಹೇಳುತ್ತಿದ್ದಾರೆ, ಅಷ್ಟೆ. ರಸ್ತೆಯಿಲ್ಲದ ಕೇರಿಗಳಿಂದ ಕಾಯಿಲೆಯವರನ್ನೂ ಬಸುರಿಯರನ್ನೂ ಕಂಬಳಿಯ ಜೋಲಿಯಲ್ಲಿ ಹೊತ್ತು ತಂದ ಸುದ್ದಿ ಇಂದಿಗೂ ಮಳೆಗಾಲದ ಪತ್ರಿಕೆಗಳಲ್ಲಿ ಬರುವುದುಂಟು. ಕಾಲುದಾರಿಯನ್ನು ಹೊಗಳುವವರಲ್ಲಿ ಬಹುಮಂದಿ ಅದನ್ನು ಬಿಟ್ಟು ಬಂದವರೆಂಬುದನ್ನೂ ಇಲ್ಲಿ ಹೇಳದೆ ವಿಧಿಯಿಲ್ಲ.

ಅದಕ್ಕಿಂತ ಮುಖ್ಯವಾದದ್ದು, ಕಾಲುದಾರಿ ಎಲ್ಲರಿಗೂ ಒಂದೇ ಆಗಿರಲಿಲ್ಲವೆಂಬ ಸಂಗತಿ. ಯಾರದೋ ತೋಟದ ನಡುವೆ, ಯಾರದೋ ಅಂಗಳದ ಅಂಚಿನಲ್ಲಿ ಹಾಯುವ ದಾರಿಯಲ್ಲಿ ಯಾರು ನೇರ ಹೋಗಬಹುದು, ಯಾರು ಸುತ್ತಿ ಹೋಗಬೇಕು ಎಂಬುದನ್ನು ಜಾತಿ ನಿರ್ಧರಿಸಿತು. ಈ ವಿಷಯದಲ್ಲಿ ಕಾಯಿದೆಯ ಚರಿತ್ರೆ ಬೋಧಪ್ರದವಾಗಿದೆ. 1923ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಎಸ್. ಕೆ. ಬೋಳೆ ಅವರು ತಂದ ನಿರ್ಣಯವು ಸಾರ್ವಜನಿಕ ಹಣದಿಂದ ನಡೆಯುವ ಬಾವಿ, ಧರ್ಮಶಾಲೆ, ಶಾಲೆ, ಕಚೇರಿಗಳನ್ನು ಅಸ್ಪೃಶ್ಯರೆನಿಸಿದವರಿಗೆ ತೆರೆಯಬೇಕೆಂದಿತು. ಉತ್ತರ ಕೆನರಾ ಆಗ ಮುಂಬಯಿ ಪ್ರಾಂತದಲ್ಲಿಯೇ ಇದ್ದಿತು. ಸಂವಿಧಾನದ 15ನೆಯ ಅನುಚ್ಛೇದವು ರಸ್ತೆಗಳನ್ನು ಹೆಸರು ಹಿಡಿದು ಹೇಳಿತು. ಆದರೆ ಅಲ್ಲಿಯೂ ಒಂದು ವಿಶೇಷಣವಿದೆ: ಸರ್ಕಾರದ ಹಣದಿಂದ ಪೂರ್ಣವಾಗಿ ಇಲ್ಲವೆ ಭಾಗಶಃ ನಿರ್ವಹಿಸಲ್ಪಡುವ, ಅಥವಾ ಸಾರ್ವಜನಿಕರ ಉಪಯೋಗಕ್ಕೆಂದು ಬಿಟ್ಟುಕೊಟ್ಟ ರಸ್ತೆ. ತೋಟದ ದಣಪೆಯ ದಾರಿಗೆ ಸರ್ಕಾರ ಒಂದು ಕಾಸನ್ನೂ ಖರ್ಚು ಮಾಡಿಲ್ಲ. ಅದನ್ನು ಯಾರೂ ಬಿಟ್ಟುಕೊಟ್ಟ ದಾಖಲೆಯೂ ಇಲ್ಲ. 1955ರ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆಯು ಸಾರ್ವಜನಿಕರಿಗೆ ಹಕ್ಕಿರುವ ಯಾವ ದಾರಿಗೂ ಈ ರಕ್ಷಣೆಯನ್ನು ವಿಸ್ತರಿಸಿ ಕೊರತೆಯನ್ನು ಬಹುಮಟ್ಟಿಗೆ ತುಂಬಿತೆಂಬುದು ನಿಜ. ಆದರೆ ಹಕ್ಕು ಇದೆಯೆಂದು ಮೊದಲು ತೋರಿಸಬೇಕಲ್ಲ?

ಹಕ್ಕನ್ನು ತೋರಿಸುವ ಬಗೆ ಇನ್ನೊಂದು ಕಾಯಿದೆಯಲ್ಲಿದೆ. 1882ರ ಈಸ್‌ಮೆಂಟ್ ಕಾಯಿದೆ 1891ರಲ್ಲಿ ಮುಂಬಯಿ ಪ್ರಾಂತಕ್ಕೆ ಅನ್ವಯವಾಯಿತು. ಅದರ 15ನೆಯ ಕಲಮಿನಂತೆ ಬೇರೆಯವರ ನೆಲದ ಮೇಲೆ ಇಪ್ಪತ್ತು ವರ್ಷ ಬಹಿರಂಗವಾಗಿ, ತಂಟೆಯಿಲ್ಲದೆ, ಹಕ್ಕೆಂದು ನಡೆದವನಿಗೆ ದಾರಿಯ ಹಕ್ಕು ಸಿದ್ಧಿಸುತ್ತದೆ. ನೆಲ ಸರ್ಕಾರದ್ದಾದರೆ ಅವಧಿ ಇನ್ನೂ ದೀರ್ಘ. ಇಲ್ಲಿ ‘ಹಕ್ಕೆಂದು’ ಎಂಬ ಮಾತೇ ಮುಖ್ಯ. ತೋಟದ ಯಜಮಾನನ ಪಕ್ಕದ ಹಿಡುವಳಿದಾರನು ಹಕ್ಕೆಂದು ನಡೆದನೆಂದು ಹೇಳಬಲ್ಲನು. ಅದೇ ತೋಟದಲ್ಲಿ ಕೆಲಸ ಮಾಡುವ ಕೂಲಿಯಾಳು ಹಾಗೆನ್ನಬಲ್ಲನೆ? ಅವನು ನಡೆದದ್ದು ಒಡೆಯನ ದಾಕ್ಷಿಣ್ಯದಿಂದ, ಅಪ್ಪಣೆಯಿಂದ. ಐವತ್ತು ವರ್ಷ ಅಪ್ಪಣೆಯಿಂದ ನಡೆದರೂ ಅದು ಹಕ್ಕಾಗುವುದಿಲ್ಲ. ದಾರಿಯನ್ನು ಹೆಚ್ಚು ಬಳಸಿದವನಿಗೇ ದಾರಿಯ ಹಕ್ಕು ಕಡಿಮೆಯೆಂಬ ಈ ವೈಪರೀತ್ಯವನ್ನು ಗಮನಿಸದೆ ಸಮತೆಯ ಜಾಲವನ್ನು ಕುರಿತು ಮಾತನಾಡುವುದು ವ್ಯರ್ಥ. ಯಾರದೋ ಮಗ ತೋಟಕ್ಕೆ ತಂತಿಬೇಲಿ ಹಾಕಿಸಿದ ದಿನ ದಾರಿ ಮುಗಿಯಿತು.

ಈಗ ‘ಸಕ್ರಿಯ ಸಂಚಾರ’ ಎಂಬ ಪದದ ವಿಚಾರಕ್ಕೆ ಬರೋಣ. ಇದು ಪರಭಾಷೆಯಿಂದ ಬಂದ ಪಾರಿಭಾಷಿಕ ಪದ. ಅದರ ಜತೆಗೆ ಒಂದು ಮನೋಭಾವವೂ ಬಂದಿದೆ. ಕಾರನ್ನು ಮನೆಯಲ್ಲಿ ಬಿಟ್ಟು ನಡೆಯಲು ಹೊರಟವನನ್ನು ಎದುರಿಗಿಟ್ಟುಕೊಂಡು ರೂಪಿಸಿದ ಪದ ಇದು. ಅವನಿಗೆ ನಡಿಗೆ ಒಂದು ಆಯ್ಕೆ, ವ್ಯಾಯಾಮ, ಪರಿಸರದ ಮೇಲಣ ಕಾಳಜಿ. ಅವನನ್ನು ದಾರಿಗಿಳಿಸಲು ಯೋಜಕರು ನೆರಳು, ಸೊಗಸು, ಸುರಕ್ಷತೆಗಳನ್ನು ಒದಗಿಸುತ್ತಾರೆ; ಒದಗಿಸಬೇಕಾದದ್ದೇ. ಆದರೆ ಯಲ್ಲಾಪುರ ತಾಲ್ಲೂಕಿನ ಕಾಡಂಚಿನ ಸಿದ್ದಿ ಕೇರಿಯಿಂದ ಕೂಲಿಗೆ ಹೊರಟ ಹೆಂಗಸಿಗೆ ನಡಿಗೆ ಆಯ್ಕೆಯಲ್ಲ. ಅವಳ ನಡಿಗೆಯನ್ನು ಪ್ರೋತ್ಸಾಹಿಸುವ ಅಗತ್ಯವೇ ಇಲ್ಲ. ಕಡಿಮೆ ಮಾಡುವ ಅಗತ್ಯವಿದೆ. ಆದ್ದರಿಂದ ಈ ಸೀಮೆಯಲ್ಲಿ ಸಮತೆಯ ಯೋಜನೆಯು ಕೆಲವರನ್ನು ಹೆಚ್ಚು ನಡೆಯಿಸುವುದಾದರೆ ಕೆಲವರನ್ನು ಕಡಿಮೆ ನಡೆಯಿಸಬೇಕಾಗುತ್ತದೆ. ಒಬ್ಬರಿಗೆ ಸೈಕಲ್ ದಾರಿ, ಇನ್ನೊಬ್ಬರಿಗೆ ಬಸ್ಸಿನ ನಿಲುಗಡೆ ಎರಡು ಮೈಲಿ ಹತ್ತಿರ ಬರುವುದು. ನಗರದ ಗ್ರಂಥಗಳಲ್ಲಿ ಈ ಎರಡನೆಯದು ಸಕ್ರಿಯ ಸಂಚಾರದ ಲೆಕ್ಕಕ್ಕೆ ಬರುವುದೇ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಆ ಸೌಲಭ್ಯ ಬಸ್ಸು ನಿಲ್ಲುವ ಜಾಗದಿಂದ ತೊಡಗುತ್ತದೆ. ಮನೆಯಿಂದ ಆ ಜಾಗದವರೆಗಿನ ದಾರಿ ಯಾವ ಇಲಾಖೆಗೂ ಸೇರಿಲ್ಲ.

ಲೆಕ್ಕದ ಮಾತು ಬಂದದ್ದರಿಂದ ಜನಗಣತಿಯನ್ನೂ ನೋಡಬೇಕು. ಕೆಲಸಕ್ಕೆ ಎಷ್ಟು ದೂರ, ಯಾವ ಸಾಧನದಿಂದ ಹೋಗುತ್ತೀರಿ ಎಂದು 2011ರ ಜನಗಣತಿ ಕೇಳಿತು. ಆಗ ದೇಶದಲ್ಲಿ ನೂರಕ್ಕೆ ಸುಮಾರು 23 ಮಂದಿ ನಡೆದೂ ಸುಮಾರು 13 ಮಂದಿ ಸೈಕಲ್ಲಿನಲ್ಲಿಯೂ ಕೆಲಸಕ್ಕೆ ಹೋಗುತ್ತಿದ್ದರೆಂದು ತಿಳಿದುಬಂದಿತು. ಯೋಜಕರು ಈ ಅಂಕಿಗಳನ್ನು ಮೇಲಿಂದ ಮೇಲೆ ಬಳಸುತ್ತಾರೆ. ಆದರೆ ಈ ಪ್ರಶ್ನೆಯನ್ನು ಕೇಳಿದ್ದು ‘ಇತರ ಕೆಲಸಗಾರರು’ ಎಂಬ ವರ್ಗಕ್ಕೆ ಮಾತ್ರ. ಬೇಸಾಯಗಾರರು, ಕೃಷಿಕೂಲಿಗಳು, ಗೃಹೋದ್ಯೋಗದವರು ಆ ವರ್ಗದಿಂದ ಹೊರಗೆ. ಎಂದರೆ ಅಡಕೆ ಕೊನೆ ಕೊಯ್ಯಲು ಹೋಗುವವನ ನಡಿಗೆ ಅಲ್ಲಿ ಇಲ್ಲ. ಗದ್ದೆ ನೆಟ್ಟಿಗೆ ಹೋಗುವವಳದೂ ಇಲ್ಲ. ಶಾಲೆಗೆ ಹೋಗುವ ಮಗುವಿನದು, ಸೊಪ್ಪು ಸೌದೆ ಹೊರುವವರದು ಮೊದಲೇ ಇಲ್ಲ. 1883ರ ಗ್ಯಾಸೆಟಿಯರಿಗೆ ಸರಕು ಕಂಡಿತು, ಹೊತ್ತವನು ಕಾಣಲಿಲ್ಲ. 2011ರ ಗಣತಿಗೆ ಕಚೇರಿಗೂ ಕಾರ್ಖಾನೆಗೂ ಹೋಗುವವನು ಕಂಡನು, ತೋಟಕ್ಕೆ ಹೋಗುವವನು ಕಾಣಲಿಲ್ಲ. ಶಿರಸಿ ಸೀಮೆಯಂಥ ಕಡೆ ಇಂಥ ಅಂಕಿಯ ಮೇಲೆ ಕಟ್ಟಿದ ಯಾವ ಜಾಲವೂ ಹೆಚ್ಚು ನಡೆಯುವವರನ್ನೇ ಬಿಟ್ಟು ಕಟ್ಟಿದ ಜಾಲವಾಗುತ್ತದೆ.

ಸೈಕಲ್ಲಿನ ಅನುಭವವೂ ಇದನ್ನೇ ತೋರಿಸುತ್ತದೆ. ಕರ್ನಾಟಕದಲ್ಲಿ 2006–07ರಲ್ಲಿ ಶಾಲಾಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಎಂಟನೆಯ ತರಗತಿಯ ಲಕ್ಷಗಟ್ಟಲೆ ಮಕ್ಕಳಿಗೆ ಅದು ಮುಟ್ಟಿತು. ಅದೇ ಕಾಲದಲ್ಲಿ ಬಿಹಾರದಲ್ಲಿ ಹುಡುಗಿಯರಿಗೆ ಕೊಟ್ಟ ಸೈಕಲ್ಲಿನ ಬಗ್ಗೆ ಅರ್ಥಶಾಸ್ತ್ರಜ್ಞರು ನಡೆಸಿದ ಅಭ್ಯಾಸ ಪ್ರಸಿದ್ಧವಾಗಿದೆ: ಪ್ರೌಢಶಾಲೆ ದೂರವಿದ್ದ ಹಳ್ಳಿಗಳಲ್ಲಿಯೇ ಹುಡುಗಿಯರ ಸೇರ್ಪಡೆ ಹೆಚ್ಚಾಗಿ ಏರಿತು. ಸೈಕಲ್ಲಿನ ಮಹಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಿಹಾರದ ನೆಲ ಹಾಸಿದ ಚಾಪೆಯಂತಿದೆ. ಗೇರಿಲ್ಲದ ಸೈಕಲ್ಲನ್ನು ಸಿದ್ದಾಪುರದ ಕಣಿವೆಯ ಹುಡುಗಿಗೆ ಕೊಟ್ಟರೆ ಅವಳು ಅದನ್ನು ಏರಿನಲ್ಲಿ ನೂಕಬೇಕು, ಇಳಿತದಲ್ಲಿ ಬ್ರೇಕು ಹಿಡಿದು ಪ್ರಾಣ ಕೈಯಲ್ಲಿ ಹಿಡಿಯಬೇಕು, ಸಂಕದ ಮೇಲೆ ಹೆಗಲಿಗೇರಿಸಬೇಕು. ವಾಹನವನ್ನು ಕೊಟ್ಟು ದಾರಿಯನ್ನು ಕೊಡದಿದ್ದ ಯೋಜನೆ ಇದು. ಇದಕ್ಕೆ ಎದುರಾಗಿ, ಕಳೆದ ದಶಕದಲ್ಲಿ ಲೋಕೋಪಯೋಗಿ ಇಲಾಖೆ ಕೈಗೊಂಡ ‘ಶಾಲಾ ಸಂಪರ್ಕ ಸೇತು’ ಎಂಬ ಕೆಲಸ ನಮಗೆ ಹೆಚ್ಚು ಮೆಚ್ಚುಗೆಯಾಗಿದೆ. ಮಕ್ಕಳು ಹಳ್ಳ ದಾಟುವ ಕಡೆಗಳಲ್ಲಿ ಮರದ ಸಂಕಕ್ಕೆ ಬದಲು ಭದ್ರವಾದ ಕಾಲುಸೇತುವೆ ಕಟ್ಟುವ ಯೋಜನೆ ಅದು. ಹೆಸರಿನಲ್ಲಿ ಆಡಂಬರವಿಲ್ಲ, ಯಾವ ಪರದೇಶದ ಮಾದರಿಯೂ ಇಲ್ಲ; ಸರ್ಕಾರ ಕಾಲುದಾರಿಯನ್ನು ದಾರಿಯೆಂದು ಒಪ್ಪಿಕೊಂಡ ಅಪರೂಪದ ಪ್ರಸಂಗ. ಆ ಸೇತುವೆಗಳ ಎರಡು ತುದಿಗಳಲ್ಲಿ ದಾರಿ ಯಾರದೆಂಬುದನ್ನು ಅದು ಮುಟ್ಟಲಿಲ್ಲವೆಂಬುದು ಬೇರೆ ಮಾತು.

ಪರದೇಶದ ಮಾದರಿಗಳನ್ನು ಕುರಿತು ಹೆಚ್ಚು ಬರೆಯುವುದಿಲ್ಲ. ಹಾಲೆಂಡಿನ ಡೆಲ್ಫ್ಟ್ ಪಟ್ಟಣ ಸೈಕಲ್ ದಾರಿಗಳನ್ನು ಊರಿನದು, ಬಡಾವಣೆಯದು, ಓಣಿಯದು ಎಂದು ಮೂರು ಹಂತಗಳಲ್ಲಿ ಹೆಣೆಯಿತು. ಸ್ಪೇನಿನ ಸೆವಿಲ್ಯಾ 2006ರ ತರುವಾಯ ಕೆಲವೇ ವರ್ಷಗಳಲ್ಲಿ ಇಡೀ ಜಾಲವನ್ನು ಒಮ್ಮೆಲೇ ಕಟ್ಟಿತು. ಇವೆರಡರಿಂದ ಕಲಿಯಬೇಕಾದದ್ದು, ತುಂಡುತುಂಡಾದ ದಾರಿಯಿಂದ ಪ್ರಯೋಜನವಿಲ್ಲವೆಂಬುದು. ಎರಡೂ ಸಮತಟ್ಟಾದ ನೆಲದ ಊರುಗಳು. ವರ್ಷಕ್ಕೆ 2500 ಮಿಲಿಮೀಟರಿನ ಆಸುಪಾಸು ಮಳೆ ಹೊಯ್ಯುವ ಶಿರಸಿಯ ಗಟಾರವನ್ನು ಅವು ಕಂಡಿಲ್ಲ. ನಮ್ಮಲ್ಲಿಯೇ 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಆರಂಭವಾಯಿತು. ಅಗಲವಾದ ಬೀದಿಗಳನ್ನು ಮೊದಲೇ ಪಡೆದಿದ್ದ ಅರಸರ ಪಟ್ಟಣಕ್ಕೆ ಅದು ತಕ್ಕದ್ದು.

ಶಿರಸಿ ಹಾಗೆ ಹುಟ್ಟಿದ ಊರಲ್ಲ. 2011ರ ಗಣತಿಯಲ್ಲಿ ಅರವತ್ತು ಸಾವಿರದ ಆಸುಪಾಸು ಜನರಿದ್ದ ಈ ಪಟ್ಟಣದ ಬೀದಿಗಳ ಹೆಸರುಗಳನ್ನೇ ನೋಡಿದರೆ ಅದರ ಚರಿತ್ರೆ ತಿಳಿಯುತ್ತದೆ: ಹುಬ್ಬಳ್ಳಿ ರಸ್ತೆ, ಬನವಾಸಿ ರಸ್ತೆ, ಯಲ್ಲಾಪುರ ನಾಕೆ, ಐದು ರಸ್ತೆ. ಎಲ್ಲವೂ ಹೊರಗೆ ಹೋಗುವ ದಾರಿಗಳು. ‘ನಾಕೆ’ ಎಂಬುದು ಸುಂಕದ ಕಟ್ಟೆಯನ್ನು ನೆನಪಿಸುವ ಮಾತು. 1923ರಲ್ಲಿ ಸ್ಥಾಪನೆಯಾದ ತೋಟಗಾರರ ಸಹಕಾರಿ ಮಾರಾಟ ಸಂಘವನ್ನೂ ಅಡಕೆಯ ಪೇಟೆಯನ್ನೂ ಲಾರಿಗಳು ಮುಟ್ಟುವುದಕ್ಕೆ ಈ ದಾರಿಗಳೇ ಆಧಾರ. ಅಡ್ಡಡ್ಡಲಾಗಿ ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಹೋಗುವ ದಾರಿಗಳಿಗೆ ಹೆಸರಿಲ್ಲ. ಜಾಲವೆಂಬುದು ಆಗುವುದು ಇಂಥ ಅಡ್ಡ ದಾರಿಗಳಿಂದಲೇ. ಇವು ಉಳಿದಿರುವಷ್ಟು ಕಡೆಗಳಲ್ಲಿ ಅಳೆದು ಗುರುತಿಸಿ ಕಾಯುವುದು ಹೊಸ ಸೈಕಲ್ ಪಟ್ಟೆಗೆ ಬಣ್ಣ ಬಳಿಯುವುದಕ್ಕಿಂತ ಮೊದಲಿನ ಕೆಲಸವೆಂದು ನಾವು ತಿಳಿಯುತ್ತೇವೆ.

ಬೀದಿಗಳು ಇಕ್ಕಟ್ಟು, ನಡೆಯುವವರಿಗೆ ಜಾಗ ಬಿಟ್ಟರೆ ವಾಹನ ಎಲ್ಲಿ ಹೋಗಬೇಕು ಎಂಬ ಆಕ್ಷೇಪ ಬರುತ್ತದೆ. ಇದಕ್ಕೆ ಶಿರಸಿಯೇ ಎರಡು ವರ್ಷಕ್ಕೊಮ್ಮೆ ಉತ್ತರ ಕೊಡುತ್ತಲಿದೆ. ಮಾರಿಕಾಂಬೆಯ ಜಾತ್ರೆಯಲ್ಲಿ ದೇವಿ ಮಾರಿಗುಡಿಯಿಂದ ರಥದಲ್ಲಿ ಬಿಡ್ಕಿಬೈಲಿಗೆ ಬಂದು ಗದ್ದುಗೆಯ ಮೇಲೆ ಕುಳಿತ ಅಷ್ಟೂ ದಿನ ಪೇಟೆಯ ನಡುವಣ ಬೀದಿಗಳು ಕಾಲುಗಳ ವಶ. ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ, ನಿಲ್ಲಿಸುವ ಜಾಗಗಳನ್ನು ಊರ ಹೊರಗೆ ಗೊತ್ತುಪಡಿಸುತ್ತಾರೆ, ಬಸ್ಸುಗಳಿಗೆ ಬೇರೆ ನಿಲುಗಡೆ ಏರ್ಪಡಿಸುತ್ತಾರೆ. ಲಕ್ಷಾಂತರ ಜನ ಬರುತ್ತಾರೆ, ಊರು ನಿಲ್ಲುವುದಿಲ್ಲ. ನಗರಸಭೆಗೂ ಪೊಲೀಸರಿಗೂ ಈ ವಿದ್ಯೆ ಬಾರದೆಂದು ಹೇಳುವಂತಿಲ್ಲ. ಜಾತ್ರೆಯ ವ್ಯವಸ್ಥೆಯನ್ನು ನಿತ್ಯದ ವ್ಯವಸ್ಥೆ ಮಾಡಿರೆಂದು ನಾವು ಕೇಳುತ್ತಿಲ್ಲ. ವಾರದ ಸಂತೆಯ ದಿನಕ್ಕೆ, ಶಾಲೆ ಬಿಡುವ ಹೊತ್ತಿಗೆ ಅದರಲ್ಲಿ ಎಷ್ಟನ್ನು ತೆಗೆದುಕೊಳ್ಳಬಹುದೆಂದು ಯಾರೂ ಲೆಕ್ಕ ಹಾಕಿದಂತಿಲ್ಲವೆಂಬುದೇ ನಮ್ಮ ಆಕ್ಷೇಪ.

ಯಲ್ಲಾಪುರದ ಸಮಸ್ಯೆ ಬೇರೆ. ಅಲ್ಲಿ ಹುಬ್ಬಳ್ಳಿ–ಅಂಕೋಲೆಯ ರಾಷ್ಟ್ರೀಯ ಹೆದ್ದಾರಿಯೇ ಪಟ್ಟಣದ ಬೀದಿ. ಹೆದ್ದಾರಿಯ ಅಂಚು ಪಟ್ಟಣ ಪಂಚಾಯತಿಯ ಅಧಿಕಾರದಲ್ಲಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಸೂಚನೆಯಂತೆ ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರು ಬಿಡಬೇಕೆಂದು ಅದು ಯಾರನ್ನು ಕೇಳಬೇಕು? 2021ರ ಜುಲೈ ತಿಂಗಳ ಮಳೆಯಲ್ಲಿ ಅರಬೈಲು ಘಟ್ಟ ಜರಿದು ಹೆದ್ದಾರಿ ನಿಂತಿತು, ಕಳಚೆಯಲ್ಲಿ ಗುಡ್ಡಗಳು ಕುಸಿದು ಊರು ನಲುಗಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಹೆದ್ದಾರಿಯನ್ನು ತೆರೆಯುವುದಕ್ಕೆ ಸರ್ಕಾರ ಅವಸರಪಟ್ಟಿತು. ಅದು ಸಹಜವೂ ಹೌದು. ಆದರೆ ಅದೇ ಮಳೆಗೆ ಹೋದ ಕಾಲುಸಂಕಗಳ ಪಟ್ಟಿಯನ್ನು ಯಾವ ಕಚೇರಿ ಮಾಡಬೇಕೆಂಬುದಕ್ಕೆ ನಿಯಮವೇ ಇಲ್ಲ. ದಾಖಲೆಯಲ್ಲಿ ಇಲ್ಲದ ಸಂಕ ಹೋದರೆ ನಷ್ಟವೂ ದಾಖಲಾಗುವುದಿಲ್ಲ.

ಪಟ್ಟಣದ ಯೋಜನೆ ಪಟ್ಟಣದ ಎಲ್ಲೆಯಲ್ಲಿ ನಿಲ್ಲಬೇಕು, ಹಳ್ಳಿಯ ದಾರಿ ಗ್ರಾಮ ಪಂಚಾಯತಿಯದು ಎಂಬುದು ಇನ್ನೊಂದು ಆಕ್ಷೇಪ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 12ನೆಯ ಕಲಮು ಮಹಾಯೋಜನೆಯಲ್ಲಿ ದೊಡ್ಡ ಸಣ್ಣ ರಸ್ತೆಗಳನ್ನೂ ಹೆದ್ದಾರಿಗಳನ್ನೂ ತೋರಿಸಬೇಕೆನ್ನುತ್ತದೆ. 2021ರ ಕರಡಿನ ದೃಷ್ಟಿಯೂ ನಗರ ಸಂಸ್ಥೆಗಳ ಮೇಲೆಯೇ ನೆಟ್ಟಿದೆ. ಆದರೆ ಶಿರಸಿಯ ಪೇಟೆಯಲ್ಲಿ ಬೆಳಿಗ್ಗೆ ನಡೆಯುವ ಕಾಲುಗಳೆಲ್ಲ ಶಿರಸಿಯ ಕಾಲುಗಳಲ್ಲ. ಸಂವಿಧಾನದ 243ನೆಯ ಝಡ್‌ಡಿ ಅನುಚ್ಛೇದದಂತೆ ಪಂಚಾಯತಿಗಳ ಯೋಜನೆಗಳನ್ನೂ ಪುರಸಭೆಗಳ ಯೋಜನೆಗಳನ್ನೂ ಒಂದುಗೂಡಿಸುವುದು ಜಿಲ್ಲಾ ಯೋಜನಾ ಸಮಿತಿಯ ಕರ್ತವ್ಯ. ಎರಡಕ್ಕೂ ಸಮಾನವಾದ ಹಿತಗಳಲ್ಲಿ ನೆಲದ ವಿನ್ಯಾಸವನ್ನು ಅದು ಹೆಸರಿಸಿಯೇ ಇದೆ. ದಾರಿಗಿಂತ ಸಮಾನವಾದ ಹಿತ ಇನ್ನಾವುದು? ಕಾಡಿನ ನಡುವಣ ಕೇರಿಗಳ ವಿಷಯದಲ್ಲಿಯೂ ಕಾಯಿದೆ ಪೂರ್ತಿ ಕೈಬಿಟ್ಟಿಲ್ಲ. ಜಿಲ್ಲೆಯ ನೆಲದಲ್ಲಿ ನೂರಕ್ಕೆ ಎಂಬತ್ತರ ಹತ್ತಿರ ಅರಣ್ಯವೆಂದು ಲೆಕ್ಕ. 2006ರ ಅರಣ್ಯಹಕ್ಕುಗಳ ಕಾಯಿದೆಯ 3(2)ನೆಯ ಕಲಮಿನಂತೆ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿಗೆ ಕಡಿಮೆಯಾದ ಅರಣ್ಯಭೂಮಿಯನ್ನು ರಸ್ತೆಗೆ ಬಿಡಬಹುದು, ಹೆಕ್ಟೇರಿಗೆ 75 ಮರಗಳನ್ನು ಮೀರದಂತೆ. ಹೆದ್ದಾರಿಗೆ ಇದು ಸಾಲದು. ಎರಡು ಮೀಟರು ಅಗಲದ ಕಾಲುದಾರಿಗಾದರೆ ಒಂದು ಹೆಕ್ಟೇರಿನಲ್ಲಿ ಐದು ಕಿಲೋಮೀಟರು ದಾರಿಯಾಗುತ್ತದೆ, ಬಹುಶಃ ಒಂದು ಮರವನ್ನೂ ಕಡಿಯದೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಯರ ಕೇರಿಗಳಿಗೆ ಈ ಕಲಮು ನೇರವಾಗಿ ಉಪಯೋಗವಾಗಬಲ್ಲದು.

ಇದಕ್ಕೆಲ್ಲ ಮೊದಲು ಬೇಕಾದದ್ದು ಪಟ್ಟಿ. ಭೂಮಾಪನ ಇಲಾಖೆಯ ಹಳೆಯ ಗ್ರಾಮನಕಾಶೆಗಳಲ್ಲಿ ಬಂಡಿದಾರಿಗೂ ಕಾಲುದಾರಿಗೂ ಬೇರೆ ಬೇರೆ ಗುರುತುಗಳಿವೆ. ಆ ಗುರುತುಗಳನ್ನು ಇಂದಿನ ನೆಲದೊಡನೆ ಹೋಲಿಸಿ, ಯಾವುದು ಉಳಿದಿದೆ, ಯಾವುದಕ್ಕೆ ಬೇಲಿ ಬಿದ್ದಿದೆ, ಯಾವುದನ್ನು ಯಾರು ಬಳಸುತ್ತಾರೆ ಎಂದು ಬರೆದಿಡುವ ಕೆಲಸಕ್ಕೆ ಇಂಜಿನಿಯರರು ಬೇಕಾಗಿಲ್ಲ. ಈ ಮೂರು ತಾಲ್ಲೂಕುಗಳ ಕಾಲೇಜುಗಳಲ್ಲಿ ಇತಿಹಾಸವನ್ನು ಓದುವ ವಿದ್ಯಾರ್ಥಿಗಳಲ್ಲಿ ಹಲವರು ಆ ದಾರಿಗಳಲ್ಲಿಯೇ ನಡೆದು ಬರುವವರು. ಊರಿನ ಹಿರಿಯರನ್ನು ಕೇಳುವಾಗ ತೋಟದ ಯಜಮಾನನನ್ನು ಮಾತ್ರ ಕೇಳಬಾರದು, ಕೂಲಿಕೇರಿಯನ್ನೂ ಕೇಳಬೇಕು. ಇಬ್ಬರೂ ಹೇಳುವ ದಾರಿ ಒಂದೇ ಆಗಿರಲಾರದು, ವ್ಯತ್ಯಾಸವನ್ನು ಹಾಗೆಯೇ ಬರೆದುಕೊಳ್ಳಬೇಕು. ಮಳೆಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಹೋಗಿ ನೋಡಬೇಕು. ಫೆಬ್ರವರಿಯಲ್ಲಿ ಒಣಗಿದ ಹಳ್ಳವನ್ನು ಕಂಡವನಿಗೆ ಜುಲೈ ತಿಂಗಳ ಸಂಕದ ಅವಶ್ಯಕತೆ ತಿಳಿಯದು. ಇಂಥ ಪಟ್ಟಿಯ ಒಂದು ಪ್ರತಿ ಗ್ರಾಮ ಪಂಚಾಯತಿಗೂ ಒಂದು ತಹಶೀಲ್ದಾರರ ಕಚೇರಿಗೂ ಹೋದರೆ, ನಾಳೆ ಬೇಲಿಯ ವ್ಯಾಜ್ಯ ಬಂದಾಗ ಹಕ್ಕಿನ ಸಾಕ್ಷಿಯಾಗಿ ಅದನ್ನು ಮುಂದಿಡಬಹುದು.